ಹಸಿ ಮೀನಲ್ಲ, ಹುಳಿಯನ್ನ

ಕಳೆದ ಸಂಚಿಕೆಯಲ್ಲಿ ಪತ್ರೊಡೆಯ ಬಗ್ಗೆ ಬರೆಯುತ್ತ, ಕೆಸುವಿನ ಎಲೆಗೆ ಹಿಟ್ಟು ಬಳಿದು, ಸುರುಳಿ ಸುತ್ತಿ, ಬೇಯಿಸಿ, ಬಿಲ್ಲೆಗಳಾಗಿ ಕೊಯ್ದಿಟ್ಟ ತಟ್ಟೆಯನ್ನು ನೋಡಿದರೆ ಜಪಾನಿನ ಸುಶಿ ನೆನಪಾಗುತ್ತದೆ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಪತ್ರೊಡೆಗೆ ಬರಲಿಲ್ಲ. ಕೆಲವರು ಸಿಟ್ಟಾಗಿದ್ದಾರೆ, ಹೆಚ್ಚಿನವರು ಕುತೂಹಲದಿಂದ ಕೇಳಿದ್ದಾರೆ. ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಟ್ಟಿದ್ದೇನೆ. ಒಂದೇ ಪ್ರಶ್ನೆ ಹಲವರಿಂದ ಬಂದಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಪತ್ರೊಡೆಯನ್ನು ಹಸಿ ಮೀನಿನ ತಿಂಡಿಗೆ ಹೋಲಿಸುವುದು ಸರಿಯೇ? ಬೆಂಗಳೂರಿನಲ್ಲಿ ಮಗನ ಜೊತೆ ಹೋಟೆಲಿಗೆ ಹೋಗಿದ್ದಾಗ ಸುಶಿ ಎಂಬ ಹೆಸರು ಕಂಡದ್ದೇ ನಾನು ಎದ್ದು ಹೊರಗೆ ಬಂದೆ. ಸುಶಿ ಎಂದರೆ ಹಸಿ ಮೀನು ಎಂದೇ ಅಲ್ಲವೇ? — ತೀರ್ಥಹಳ್ಳಿಯ ಗೃಹಿಣಿಯೊಬ್ಬರು

ಉತ್ತರ: ಅಲ್ಲ, ಅಮ್ಮಾ. ಉಳಿದ ತಪ್ಪು ತಿಳಿವಳಿಕೆಗಳೆಲ್ಲ ಈ ಒಂದರಿಂದಲೇ ಹುಟ್ಟುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸುಶಿ ಎಂಬ ಪದದ ಮೂಲದಲ್ಲಿರುವುದು ಹುಳಿ ಎಂಬ ಅರ್ಥ. ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನವಿದ್ದರೆ ಅದು ಸುಶಿ. ಆ ಅನ್ನದ ಮೇಲೆಯೋ ಒಳಗೋ ಏನಿದೆ ಎಂಬುದು ಆಮೇಲಿನ ಮಾತು. ಅನ್ನವೇ ಇಲ್ಲದೆ ಬರಿಯ ಹಸಿ ಮೀನಿನ ಹೋಳುಗಳನ್ನು ಬಡಿಸಿದರೆ ಅದಕ್ಕೆ ಸಾಶಿಮಿ ಎಂಬ ಬೇರೆಯೇ ಹೆಸರಿದೆ. ಶೇಂಗಾ ಹಾಕದಿದ್ದರೂ ಚಿತ್ರಾನ್ನ ಚಿತ್ರಾನ್ನವೇ ಆಗಿರುವಂತೆ, ಮೀನಿಲ್ಲದಿದ್ದರೂ ಸುಶಿ ಸುಶಿಯೇ.

ಹಾಗಾದರೆ ಮೀನಿಗೂ ಇದಕ್ಕೂ ಇಷ್ಟು ಗಟ್ಟಿಯಾದ ನಂಟು ಹೇಗೆ ಬಂತೆಂದರೆ, ಅನ್ನ ಮೊದಲು ಬಂದದ್ದೇ ಮೀನನ್ನು ಕಾಪಿಡುವುದಕ್ಕೆ. ಉಪ್ಪು ಹಾಕಿದ ಮೀನನ್ನು ಬೆಂದ ಅನ್ನದಲ್ಲಿ ಹೂತು, ಮೇಲೆ ಭಾರವಿಟ್ಟು ತಿಂಗಳುಗಟ್ಟಲೆ ಬಿಟ್ಟರೆ ಅನ್ನ ಹುಳಿಯುತ್ತದೆ, ಆ ಹುಳಿ ಮೀನನ್ನು ಕೆಡದಂತೆ ಹಿಡಿದಿಡುತ್ತದೆ. ಭತ್ತವನ್ನೂ ಸಿಹಿನೀರಿನ ಮೀನನ್ನೂ ನಂಬಿದ ಆಗ್ನೇಯ ಏಷ್ಯಾದ ನದೀಬಯಲುಗಳಲ್ಲಿ ಈ ಕ್ರಮ ಹುಟ್ಟಿ ಜಪಾನಿಗೆ ಬಂದಿರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ. ತಿನ್ನುವ ಹೊತ್ತಿಗೆ ಆ ಅನ್ನವನ್ನು ತೆಗೆದುಹಾಕಿ ಮೀನನ್ನು ಮಾತ್ರ ಉಣ್ಣುತ್ತಿದ್ದರು. ಶಿಗಾ ಪ್ರಾಂತ್ಯದ ಬಿವಾ ಸರೋವರದ ಸುತ್ತ ಫುನಾಜುಶಿ ಎಂಬ ಹೆಸರಿನಲ್ಲಿ ಈ ಹಳೆಯ ಪದ್ಧತಿ ಇಂದಿಗೂ ಉಳಿದಿದೆ. ಅದರ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ; ನಮ್ಮಲ್ಲಿ ಒಣಮೀನು ಸುಡುವ ಮನೆಯ ಬೀದಿಯಲ್ಲಿ ಕೆಲವರು ಮೂಗು ಮುಚ್ಚಿಕೊಂಡರೆ ಇನ್ನು ಕೆಲವರು ಹೆಜ್ಜೆ ನಿಧಾನ ಮಾಡುವಂತೆ ಅಲ್ಲಿಯೂ ಎರಡು ಪಕ್ಷಗಳಿವೆ.

ಕಾಲ ಕಳೆದಂತೆ ಜನರಿಗೆ ಕಾಯುವ ತಾಳ್ಮೆ ಕಡಿಮೆಯಾಯಿತು. ಅನ್ನ ತಾನಾಗಿ ಹುಳಿಯುವವರೆಗೆ ಕಾಯುವ ಬದಲು ವಿನೆಗರ್ ಬೆರೆಸಿ ಅಂದೇ ಹುಳಿ ಮಾಡಿಕೊಳ್ಳುವ ಉಪಾಯ ಬಂತು, ಎಸೆಯುತ್ತಿದ್ದ ಅನ್ನವೇ ಮುಖ್ಯವಾಯಿತು. ಇಂದು ನಾವು ಚಿತ್ರಗಳಲ್ಲಿ ನೋಡುವ, ಕೈಯಲ್ಲಿ ಒತ್ತಿ ಮಾಡಿದ ಪುಟ್ಟ ಅನ್ನದ ಉಂಡೆಯ ಮೇಲೆ ಮೀನಿನ ಹೋಳು ಕೂರಿಸಿದ ನಿಗಿರಿ ಸುಶಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಎದೊ ನಗರದ, ಅಂದರೆ ಈಗಿನ ಟೋಕಿಯೊದ, ಬೀದಿಬದಿಯ ತಿಂಡಿಯಾಗಿ ಬೆಳೆಯಿತು. 1799ರಿಂದ 1858ರವರೆಗೆ ಬದುಕಿದ್ದ ಹನಾಯ ಯೊಹೇಯ್ ಎಂಬ ವ್ಯಾಪಾರಿಗೆ ಸಾಮಾನ್ಯವಾಗಿ ಅದರ ಶ್ರೇಯಸ್ಸು ಸಲ್ಲುತ್ತದೆ. ಐಸ್ ಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಮೀನನ್ನು ಉಪ್ಪು ಮತ್ತು ವಿನೆಗರಿನಲ್ಲಿ ನೆನೆಸುತ್ತಿದ್ದರು, ಸೋಯಾ ಸಾಸಿನಲ್ಲಿ ಅದ್ದಿಡುತ್ತಿದ್ದರು, ಇಲ್ಲವೇ ಬೇಯಿಸುತ್ತಿದ್ದರು. ಈಗಲೂ ಸುಶಿಯ ಮೇಲೆ ಬರುವ ಹಾವುಮೀನು ಯಾವಾಗಲೂ ಬೆಂದದ್ದು. ಸೀಗಡಿ, ಅಷ್ಟಪದಿಗಳೂ ಸಾಮಾನ್ಯವಾಗಿ ಬೆಂದವೇ.

ಇನ್ನು ಮೀನೇ ಇಲ್ಲದ ಸುಶಿಗಳು ಬೆಂಗಳೂರಿನವರು ನಮಗಾಗಿ ಕಂಡುಹಿಡಿದವಲ್ಲ. ಸೌತೆಕಾಯಿಯ ಸುರುಳಿಗೆ ಕಪ್ಪಾ ಮಾಕಿ ಎಂದು ಹೆಸರು. ಕಪ್ಪಾ ಎಂಬ, ಸೌತೆಕಾಯಿಯೆಂದರೆ ಪ್ರಾಣ ಬಿಡುವ ನೀರುಭೂತದ ಹೆಸರು ಅದು. ಕಂಪ್ಯೋ ಎಂಬ ಇನ್ನೊಂದು ಸುರುಳಿಯ ಒಳಗಿರುವುದು ನಮ್ಮ ಸೋರೆಕಾಯಿ: ಅದನ್ನು ಉದ್ದನೆಯ ಪಟ್ಟಿಗಳಾಗಿ ಹೆರೆದು, ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಸಿಹಿಯಾದ ಸೋಯಾ ರಸದಲ್ಲಿ ಬೇಯಿಸುತ್ತಾರೆ. ಕೊಚಿ ಪ್ರಾಂತ್ಯದ ಬೆಟ್ಟಗಳಲ್ಲಿ ಇನಾಕಾ ಜುಶಿ, ಎಂದರೆ ಹಳ್ಳಿ ಸುಶಿ, ಎಂಬುದೊಂದಿದೆ. ಕಡಲ ಮೀನು ಸುಲಭವಾಗಿ ಸಿಗದ ಆ ಮಲೆಯ ಊರುಗಳಲ್ಲಿ ಅನ್ನದ ಮೇಲೆ ಕಳಲೆ, ಅಣಬೆ, ಎಳೆಯ ಶುಂಠಿಯನ್ನು ಹೋಲುವ ಮ್ಯೋಗಾ ಮೊಗ್ಗುಗಳನ್ನು ಇಡುತ್ತಾರೆ. ಹುಳಿಗೆ ವಿನೆಗರಿನ ಬದಲು ಯುಜು ಎಂಬ ನಿಂಬೆಜಾತಿಯ ಹಣ್ಣಿನ ರಸವನ್ನು ಹಿಂಡುತ್ತಾರೆ. ಕಳಲೆಯ ಪಲ್ಯ, ಕಂಚಿಕಾಯಿಯ ಗೊಜ್ಜು ಮಾಡುವ ನಮ್ಮ ಮಲೆನಾಡಿನ ಅಡುಗೆಮನೆಗೆ ಆ ಬೆಟ್ಟದ ಸುಶಿ ಪತ್ರೊಡೆಗಿಂತಲೂ ಹತ್ತಿರದ್ದು. ಪತ್ರೊಡೆಯ ಹೋಲಿಕೆ ಬರಿಯ ರೂಪದ್ದು, ಅದನ್ನು ನಾನೂ ಒಪ್ಪುತ್ತೇನೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಮಗಳು ಜಪಾನಿನಲ್ಲಿದ್ದಾಳೆ, ಬರುವ ವರ್ಷ ಅಲ್ಲಿಗೆ ಹೋಗುವವರಿದ್ದೇವೆ. ತರಕಾರಿ ಸುಶಿ, ಮಿಸೊ ಸಾರು, ತೋಫು ಎಂದು ಕೇಳಿ ತಿಂದರೆ ಸಾಕೇ? ಸುಶಿಗೆ ಸುತ್ತುವ ಕಪ್ಪು ಹಾಳೆ ಮೀನಿನ ಚರ್ಮವೆಂದು ಒಬ್ಬರು ಹೇಳಿದರು. — ಕೊಪ್ಪದ ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಮೊದಲು ಹಾಳೆಯ ಮಾತು. ಅದು ನೋರಿ, ಸಮುದ್ರದಲ್ಲಿ ಬೆಳೆಯುವ ಒಂದು ಜಾತಿಯ ಪಾಚಿಯನ್ನು ಕಾಗದ ಮಾಡುವಂತೆ ತೆಳ್ಳಗೆ ಹರಡಿ ಒಣಗಿಸಿದ್ದು; ಚರ್ಮವೂ ಅಲ್ಲ, ಮೀನೂ ಅಲ್ಲ. ನೀವು ಕಡಲ ಪಾಚಿಯನ್ನು ಈಗಾಗಲೇ ತಿಂದಿರುತ್ತೀರಿ: ಪೇಟೆಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ, ಹಾಲಿನಲ್ಲಿ ಕಾಯಿಸಿ ತಣಿಸಿ ಸಿಹಿ ಮಾಡುವ ಆ ಕಡ್ಡಿಗಳು ಪಾಚಿಯಿಂದಲೇ ಬಂದವು. ನೋರಿಯನ್ನು ಈಗ ತೋಟದಂತೆ ಬೆಳೆಯುತ್ತಾರೆ. ಅದರ ಬೀಜಾವಸ್ಥೆ ಬೇಸಿಗೆಯಲ್ಲಿ ಎಲ್ಲಿ ಅಡಗಿರುತ್ತದೆ ಎಂಬುದು ಬೆಳೆಗಾರರಿಗೆ ಬಹಳ ಕಾಲ ತಿಳಿದಿರಲಿಲ್ಲ. ಅದು ಚಿಪ್ಪುಗಳ ಒಳಗೆ ಬೇರೆಯೇ ರೂಪದಲ್ಲಿ ಬದುಕುತ್ತದೆ ಎಂದು 1949ರಲ್ಲಿ ತೋರಿಸಿಕೊಟ್ಟವರು ಕ್ಯಾಥ್ಲೀನ್ ಡ್ರೂ ಬೇಕರ್ ಎಂಬ ಬ್ರಿಟಿಷ್ ವಿಜ್ಞಾನಿ. ಆಕೆ ಜಪಾನನ್ನು ನೋಡಿದವರೇ ಅಲ್ಲ, ಆದರೂ ಕುಮಾಮೊಟೊ ಪ್ರಾಂತ್ಯದ ಉಟೊ ಎಂಬಲ್ಲಿ ಆಕೆಯ ಸ್ಮಾರಕವಿದೆ, ಪ್ರತಿ ಏಪ್ರಿಲ್ 14ರಂದು ಅಲ್ಲಿ ಆಕೆಯನ್ನು ನೆನೆಯುತ್ತಾರೆ.

ನಿಮಗೆ ತೊಡಕಾಗುವುದು ಕಣ್ಣಿಗೆ ಕಾಣುವ ಹಾಳೆಯಲ್ಲ, ಕಣ್ಣಿಗೆ ಕಾಣದ ರಸ. ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಜಪಾನಿನ ಅಡುಗೆಗೆ ದಾಶಿ ಹಾಗೆ. ಕೊಂಬು ಎಂಬ ದಪ್ಪನೆಯ ಪಾಚಿಯನ್ನೂ, ಹೊಗೆಗೆ ಹಿಡಿದು ಮರದ ತುಂಡಿನಷ್ಟು ಗಟ್ಟಿಯಾಗುವಂತೆ ಒಣಗಿಸಿದ ಮೀನಿನ ಹೆರೆತವನ್ನೂ ಬಿಸಿನೀರಿನಲ್ಲಿ ನೆನೆಸಿ ಸೋಸಿದ ತಿಳಿರಸ ಅದು. ಹುದುಗಿಸಿದ ಸೋಯಾ ಕಾಳಿನ ಮುದ್ದೆಯಿಂದ ಮಾಡುವ ಮಿಸೊ ಸಾರಿಗೆ, ಬೇಯಿಸಿದ ತರಕಾರಿಗೆ, ನೂಡಲ್ಸಿನ ರಸಕ್ಕೆ, ಸೋಯಾ ಹಾಲಿನ ಪನೀರಿನಂಥ ತೋಫುವಿನ ಮೇಲೆ ಹೊಯ್ಯುವ ಗೊಜ್ಜಿಗೆ, ಮೊಟ್ಟೆಯ ದೋಸೆಗೆ ಕೂಡ ಅದು ಸೇರುತ್ತದೆ. ಕರಿದ ತೋಫುವಿನ ಚೀಲದಲ್ಲಿ ಹುಳಿಯನ್ನ ತುಂಬುವ ಇನಾರಿ ಸುಶಿ ನೋಡಲು ಪೂರ್ತಿ ಸಸ್ಯಾಹಾರ, ಆದರೆ ಆ ಚೀಲವನ್ನು ಬೇಯಿಸಿದ್ದು ಹೆಚ್ಚಾಗಿ ಇದೇ ರಸದಲ್ಲಿ. ಬಡಿಸುವವರು ನಿಮಗೆ ಸುಳ್ಳು ಹೇಳುತ್ತಾರೆಂದಲ್ಲ. ಮಾಂಸವಿದೆಯೇ ಎಂದು ಕೇಳಿದರೆ ಇಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ದಾಶಿ ಮೀನಿನ ಪದಾರ್ಥವಲ್ಲ, ರುಚಿಯ ನೀರು. ಆದ್ದರಿಂದ ಮಾಂಸವಿದೆಯೇ ಎಂದು ಕೇಳಬೇಡಿ, ದಾಶಿ ಯಾವುದರದ್ದು ಎಂದು ಕೇಳಿ. ಕೊಂಬು ಅಥವಾ ಒಣಗಿಸಿದ ಶೀತಾಕೆ ಅಣಬೆಯದ್ದಾದರೆ ನಿರಾತಂಕವಾಗಿ ಉಣ್ಣಬಹುದು. ಮದ್ಯವನ್ನು ಅಡುಗೆಯಲ್ಲಿಯೂ ಒಲ್ಲದವರು ಮಿರಿನ್ ಎಂಬ ಹೆಸರನ್ನೂ ನೆನಪಿಡಬೇಕು; ಅದು ಅಕ್ಕಿಯಿಂದ ಮಾಡಿದ ಸಿಹಿ ಮದ್ಯ, ರಸಗಳಿಗೆ ಹೊಳಪು ಬರಿಸಲು ಬಳಸುತ್ತಾರೆ.

ಇಷ್ಟು ಕೇಳಿ ಪ್ರಯಾಣದ ಟಿಕೆಟನ್ನು ರದ್ದು ಮಾಡಬೇಡಿ. ನಿಮ್ಮ ಮನೆಯ ಅಡುಗೆಗೆ ಅಲ್ಲಿಯೂ ಒಂದು ದಾಯಾದಿ ಇದೆ. ಶೋಜಿನ್ ರಿಯೋರಿ ಎಂಬ ಬೌದ್ಧ ಮಠಗಳ ಅಡುಗೆಯಲ್ಲಿ ಮಾಂಸ, ಮೀನು ನಿಷಿದ್ಧ. ಈರುಳ್ಳಿ, ಬೆಳ್ಳುಳ್ಳಿ ಮೊದಲಾದ ಕಟುವಾಸನೆಯ ಐದು ಬಗೆಯ ಸಸ್ಯಗಳೂ ನಿಷಿದ್ಧ. ದೋಗೆನ್ ಎಂಬ ಜೆನ್ ಗುರು 1237ರಲ್ಲಿಯೇ ಮಠದ ಅಡುಗೆಯವರು ಅಕ್ಕಿ ತೊಳೆಯುವುದರಿಂದ ಹಿಡಿದು ಪ್ರತಿಯೊಂದನ್ನೂ ಹೇಗೆ ಮಾಡಬೇಕೆಂದು ಒಂದು ಗ್ರಂಥವನ್ನೇ ಬರೆದಿಟ್ಟಿದ್ದಾರೆ. ಕೋಯ ಪರ್ವತದ ಮಠಗಳಲ್ಲಿ ಯಾತ್ರಿಕರು ಉಳಿದುಕೊಳ್ಳಬಹುದು, ಅಲ್ಲಿ ಎಳ್ಳನ್ನು ಅರೆದು ಹಾಲು ತೆಗೆದು ಗೆಡ್ಡೆಯ ಹಿಟ್ಟಿನೊಂದಿಗೆ ಕಾಯಿಸಿದ ಗೊಮಾ ದೋಫು ಬಡಿಸುತ್ತಾರೆ. ಹಾಲುಬಾಯಿ ಉಂಡವರಿಗೆ ಅದರ ನುಣುಪು ಹೊಸದೆನಿಸುವುದಿಲ್ಲ.

ಪ್ರಶ್ನೆ: ತುಂಗೆಯಲ್ಲಿ ನಾನೇ ಗಾಳ ಹಾಕಿ ಹಿಡಿದ ಮೀನು ಅಂಗಡಿಯ ಮೀನಿಗಿಂತ ತಾಜಾ ಅಲ್ಲವೇ? ಅದರಲ್ಲಿ ಮನೆಯಲ್ಲೇ ಸುಶಿ ಮಾಡಬೇಕೆಂದಿದ್ದೇನೆ. — ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ

ಉತ್ತರ: ದಯವಿಟ್ಟು ಮಾಡಬೇಡಿ. ತಾಜಾ ಇದ್ದರೆ ಹಸಿಯಾಗಿ ತಿನ್ನಬಹುದು ಎಂಬುದು ಈ ವಿಷಯದಲ್ಲಿ ಅತ್ಯಂತ ಅಪಾಯದ ನಂಬಿಕೆ. ತಾಜಾತನಕ್ಕೂ ಮೀನಿನ ಮಾಂಸದೊಳಗಿನ ಪರಾವಲಂಬಿ ಹುಳುಗಳಿಗೂ ಸಂಬಂಧವಿಲ್ಲ. ಈಗಷ್ಟೇ ಹಿಡಿದ ಮೀನಿನಲ್ಲಿ ಅವು ಜೀವಂತವಾಗಿಯೇ ಇರುತ್ತವೆ. ಜಪಾನೀಯರು ಕೂಡ ಹೊಳೆಯ ಮೀನನ್ನು ಹಸಿಯಾಗಿ ತಿನ್ನಲು ಹಿಂಜರಿಯುತ್ತಾರೆ, ಏಕೆಂದರೆ ಮನುಷ್ಯನ ಯಕೃತ್ತಿನಲ್ಲಿ ಬೀಡುಬಿಡುವ ಚಪ್ಪಟೆಹುಳುವಿನಂಥವು ಸಿಹಿನೀರಿನ ಮೀನಿನಿಂದಲೇ ಬರುವಂಥವು. ಮಳೆಗಾಲದ ಮೊದಲ ನೆರೆಗೆ ಗದ್ದೆ ಹತ್ತಿ ಬರುವ ಹತ್ತುಮೀನಿಗೂ ಇದೇ ಮಾತು. ಏಡಿಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು: ಹಳ್ಳದ ಏಡಿಯನ್ನು ಅರೆಬೇಯಿಸಿ ತಿಂದರೆ ಶ್ವಾಸಕೋಶಕ್ಕೆ ಸೇರುವ ಹುಳು ಬರಬಹುದು, ಅದರ ಕೆಮ್ಮು, ರಕ್ತ ಕಂಡು ಕ್ಷಯವೆಂದು ತಪ್ಪು ತಿಳಿದು ಔಷಧ ಕೊಟ್ಟ ಪ್ರಸಂಗಗಳು ವೈದ್ಯಲೋಕಕ್ಕೆ ಪರಿಚಿತ.

ಕಡಲ ಮೀನಿನಲ್ಲಿಯೂ ಅನಿಸಾಕಿಸ್ ಎಂಬ ಹುಳುವಿನ ಭಯವಿದೆ. ಹಸಿಯಾಗಿ ಬಡಿಸುವ ಮೀನನ್ನು ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ 7 ದಿನ, ಅಥವಾ 35 ಡಿಗ್ರಿ ಕೆಳಗೆ 15 ಗಂಟೆ ಇಡಬೇಕೆಂದು ಅಮೆರಿಕದ ಆಹಾರ ಇಲಾಖೆ ಹೇಳುವುದು ಅದಕ್ಕಾಗಿಯೇ. ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆ ಆ ತಣಿವನ್ನು ಮುಟ್ಟಿ ಹಾಗೆಯೇ ನಿಲ್ಲುತ್ತದೆಂಬ ಭರವಸೆಯಿಲ್ಲ, ಮಲೆನಾಡಿನ ಮಳೆಗಾಲದ ಕರೆಂಟಿನಲ್ಲಂತೂ ಆ ಮಾತೇ ಬೇಡ. ಎಂದರೆ ಒಳ್ಳೆಯ ಸುಶಿಯ ಮೀನು ಹಲವು ಬಾರಿ ಹೆಪ್ಪುಗಟ್ಟಿ ಬಂದ ಮೀನೇ ಆಗಿರುತ್ತದೆ. ಸುಶಿ ಎಂದೊಡನೆ ಕಣ್ಣಿಗೆ ಬರುವ ಆ ಕಿತ್ತಳೆ ಬಣ್ಣದ ಸಾಲ್ಮನ್ ಕೂಡ ಹಳೆಯ ಸಂಪ್ರದಾಯವಲ್ಲ. ತಮ್ಮ ಕಡಲಿನ ಸಾಲ್ಮನ್‌ನಲ್ಲಿ ಹುಳುವಿರುತ್ತದೆಂದು ಜಪಾನೀಯರು ಅದನ್ನು ಬೇಯಿಸಿಯೇ ತಿನ್ನುತ್ತಿದ್ದರು. ಸಾಕಿದ ಮೀನನ್ನು ಮಾರಲು ಮಾರುಕಟ್ಟೆ ಹುಡುಕುತ್ತಿದ್ದ ನಾರ್ವೆ ದೇಶ 1980ರ ದಶಕದಲ್ಲಿ ಬೆನ್ನುಹತ್ತಿ ಪ್ರಚಾರ ಮಾಡಿ ಅವರಿಗೆ ಅದರ ರುಚಿ ಹಿಡಿಸಿತು. ಈಗ ಅತಿ ದುಬಾರಿಯಾದ ಟ್ಯೂನಾ ಮೀನಿನ ಕೊಬ್ಬಿನ ಹೊಟ್ಟೆಭಾಗವನ್ನು ಒಂದು ಕಾಲದಲ್ಲಿ ಬೆಕ್ಕು ಕೂಡ ದಾಟಿಹೋಗುವ ಮಾಂಸವೆಂದು ಹಳಿಯುತ್ತಿದ್ದರಂತೆ. ನಿಮ್ಮ ತುಂಗೆಯ ಮೀನಿಗೆ ಹುರಿದ ಮಸಾಲೆಯೇ ಶ್ರೇಷ್ಠ.

ಪ್ರಶ್ನೆ: ಸೋನಾ ಮಸೂರಿಯಲ್ಲಿ ಸುಶಿ ಮಾಡಲು ಹೋಗಿ ಅನ್ನ ಉದುರಿಹೋಯಿತು. ಅಂಟಲು ಅದಕ್ಕೆ ಏನಾದರೂ ಬೆರೆಸುತ್ತಾರೆಯೇ? — ಸಾಗರದ ಓದುಗರು

ಉತ್ತರ: ಏನನ್ನೂ ಬೆರೆಸುವುದಿಲ್ಲ, ಅಕ್ಕಿಯ ಗುಣವೇ ಬೇರೆ. ಜಪಾನಿನದು ಗಿಡ್ಡ ಕಾಳಿನ ಅಕ್ಕಿ, ಅದರ ಪಿಷ್ಟದಲ್ಲಿ ಅಮೈಲೋಸ್ ಎಂಬ ಅಂಶ ಕಡಿಮೆಯಿರುವುದರಿಂದ ಬೆಂದಾಗ ಕಾಳಿಗೆ ಕಾಳು ಹಿಡಿಯುತ್ತದೆ. ನಮ್ಮ ಸೋನಾ ಮಸೂರಿಯನ್ನು ನಾವು ಇಷ್ಟಪಡುವುದೇ ಅದು ಉದುರುದುರಾಗಿ ಬರುತ್ತದೆಂದು. ನಿಮ್ಮ ಅನ್ನ ಅದರ ಕೆಲಸವನ್ನು ಅದು ಸರಿಯಾಗಿಯೇ ಮಾಡಿದೆ. ಸುಗ್ಗಿ ಮುಗಿದು ಹೊಸ ಅಕ್ಕಿ ಬಂದಾಗ ಅನ್ನ ಮುದ್ದೆಯಾಗುತ್ತದೆ ಎಂದು ಮಲೆನಾಡಿನ ಎಲ್ಲ ಮನೆಯವರೂ ಗೊಣಗುತ್ತಾರಲ್ಲ, ಆ ಅಕ್ಕಿಯನ್ನು ಇದಕ್ಕೆ ಬಳಸಿ ನೋಡಿ. ವಿಚಿತ್ರವೆಂದರೆ ಜಪಾನಿನ ಸುಶಿ ಬಾಣಸಿಗರು ನಮ್ಮಂತೆಯೇ ಗೊಣಗುತ್ತಾರೆ: ಹೊಸ ಅಕ್ಕಿಯಲ್ಲಿ ನೀರಿನಂಶ ಹೆಚ್ಚಾಗಿ ವಿನೆಗರನ್ನು ಹೀರುವುದಿಲ್ಲವೆಂದು ಹಳೆಯ ಅಕ್ಕಿಯನ್ನು ಬೆರೆಸಿಕೊಳ್ಳುವವರು ಹಲವರಿದ್ದಾರೆ. ಅವರ ಅಕ್ಕಿ ಹಳೆಯದಾದರೂ ಅಂಟುವಷ್ಟು ಅಂಟುತ್ತದೆ, ನಮ್ಮದು ಹೊಸದಾದಾಗ ಮಾತ್ರ.

ಎರಡು ಲೋಟ ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು ಅರ್ಧ ಗಂಟೆ ನೆನೆಸಿ, ಗಂಜಿ ಬಸಿಯದೆ ಇಂಗಿಸಿ ಬೇಯಿಸಿ, ಮುಚ್ಚಿಟ್ಟು ಹತ್ತು ನಿಮಿಷ ಬಿಡಿ. ನಾಲ್ಕು ದೊಡ್ಡ ಚಮಚ ವಿನೆಗರಿಗೆ ಎರಡು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು ಕರಗಿಸಿ, ಅನ್ನ ಬಿಸಿಯಿರುವಾಗಲೇ ಹರಡಿ, ಸೌಟಿನ ಅಂಚಿನಿಂದ ಕೊಯ್ಯುವಂತೆ ಬೆರೆಸುತ್ತ ಬೀಸಣಿಗೆಯಿಂದ ಗಾಳಿ ಹಾಕಿ. ಕಲಸಿದರೆ ಕಡುಬಿನ ಹಿಟ್ಟಾಗುತ್ತದೆ. ಈ ಹುಳಿ ರುಚಿಗಷ್ಟೇ ಅಲ್ಲ: ಬೆಂದ ಅನ್ನವನ್ನು ಹೊರಗೆ ಬಿಟ್ಟರೆ ಅದರಲ್ಲಿ ವಾಂತಿಭೇದಿ ತರಿಸುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಹುಳಿ ಸಾಕಷ್ಟಿದ್ದರೆ, ಅಂದರೆ ಪಿಎಚ್ ಪ್ರಮಾಣ 4.6ಕ್ಕಿಂತ ಕೆಳಗಿದ್ದರೆ, ಅದರ ಆಟ ನಡೆಯುವುದಿಲ್ಲ. ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಹೊರಟವರು ಬುತ್ತಿಗೆ ಪುಳಿಯೋಗರೆಯನ್ನೇ ಕಟ್ಟಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ನಾರಾ ಪ್ರಾಂತ್ಯದವರು ಇಂಥ ಬುತ್ತಿಯ ಸುಶಿಯನ್ನು ಪರ್ಸಿಮನ್ ಮರದ ಎಲೆಯಲ್ಲಿ ಸುತ್ತುತ್ತಾರೆ, ನಾವು ಕಡುಬನ್ನು ಅರಿಶಿನದೆಲೆಯಲ್ಲಿ ಸುತ್ತುವಂತೆ.

ಪ್ರಶ್ನೆ: ಹಸಿರು ಚಟ್ನಿಯೆಂದು ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣೀರು ಸುರಿಸಿದೆ. ಅದು ವಸಾಬಿಯಂತೆ, ಹರಿಯುವ ನೀರಿನಲ್ಲಿ ಬೆಳೆಯುವ ದುಬಾರಿ ಬೆಳೆಯಂತೆ. ನಮ್ಮ ಅಡಿಕೆ ತೋಟದ ಪಕ್ಕದಲ್ಲಿ ವರ್ಷವಿಡೀ ಹರಿಯುವ ಹಳ್ಳವಿದೆ, ಅಲ್ಲಿ ಬೆಳೆಯಬಹುದೇ? — ಹೊಸನಗರದ ಕೃಷಿಕರು

ಉತ್ತರ: ನೀವು ತಿಂದದ್ದು ಬಹುತೇಕ ವಸಾಬಿಯೇ ಅಲ್ಲ. ಹಾರ್ಸ್‌ರ್ಯಾಡಿಶ್ ಎಂಬ ಬೇರಿನ ಪುಡಿಗೆ ಸಾಸಿವೆ, ಹಸಿರು ಬಣ್ಣ ಸೇರಿಸಿ ಕಲಸಿದ್ದನ್ನೇ ಜಗತ್ತಿನ ಹೆಚ್ಚಿನ ಹೋಟೆಲುಗಳು ಆ ಹೆಸರಿನಲ್ಲಿ ಬಡಿಸುತ್ತವೆ. ನಿಜವಾದ ವಸಾಬಿಯ ಗಡ್ಡೆಯನ್ನು ಉಣ್ಣುವ ಹೊತ್ತಿಗೆ ತೇಯಬೇಕು. ತೇಯ್ದ ಕಾಲು ಗಂಟೆಯೊಳಗೆ ಅದರ ಘಾಟು ಆರಿಹೋಗುತ್ತದೆ. ಅದರ ಘಾಟಿನ ಅಂಶ ಸಾಸಿವೆಯಲ್ಲಿರುವುದೇ. ಸೌತೆಕಾಯಿ ಸಾಸಿವೆಗೆ ಹಸಿ ಸಾಸಿವೆ ಅರೆದಾಗ ಮೂಗಿಗೆ ಹೊಡೆಯುವ ಅದೇ ಏಟು. ಆವಿಯಾಗಿ ಮೂಗಿಗೇರಿ ಕ್ಷಣದಲ್ಲಿ ಇಳಿಯುತ್ತದೆಯೇ ಹೊರತು ಮೆಣಸಿನಕಾಯಿಯಂತೆ ನಾಲಗೆಯ ಮೇಲೆ ಕೂತು ಉರಿಯುವುದಿಲ್ಲ. ಚಟ್ನಿಯಂತೆ ಬಳಿದುಕೊಳ್ಳುವ ಪದಾರ್ಥವಂತೂ ಅಲ್ಲ, ಅಕ್ಕಿಕಾಳಿನಷ್ಟು ಸಾಕು.

ಬೆಳೆಯುವ ಆಸೆಯನ್ನು ಬಿಟ್ಟುಬಿಡಿ ಎಂದು ಹೇಳಬೇಕಾಗಿದೆ. ಶಿಜುವೊಕಾ, ನಾಗಾನೊ ಪ್ರಾಂತ್ಯಗಳ ಬೆಟ್ಟದ ತೊರೆಗಳಲ್ಲಿ ಅದು ಬೆಳೆಯುವ ನೀರು ವರ್ಷವಿಡೀ 12ರಿಂದ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಕೊಯ್ಲಿಗೆ ಒಂದೂವರೆ ಎರಡು ವರ್ಷ ಬೇಕು. ನಮ್ಮ ಹಳ್ಳದಲ್ಲಿ ನೆರಳಿದೆ, ಹರಿವಿದೆ, ಆ ತಂಪು ಇಲ್ಲ. ಸಸಿ ಮಾರಲು ಯಾರಾದರೂ ಬಂದರೆ ಎಚ್ಚರವಾಗಿರಿ. ನಮ್ಮ ಕಡೆಯ ರೈತರು ಇಂಥ ದುಬಾರಿ ಬೆಳೆಗಳ ಆಸೆಗೆ ಕಳೆದುಕೊಂಡದ್ದು ಸಾಕಷ್ಟಿದೆ. ಅಂದ ಹಾಗೆ, ಜಪಾನೀಯರು ಸುಟ್ಟ ಹಾವುಮೀನಿಗೆ ಉದುರಿಸುವ, ನಾಲಗೆ ಜುಮ್ಮೆನಿಸುವ ಸಾನ್‌ಶೊ ಎಂಬ ಮಸಾಲೆಯ ಹತ್ತಿರದ ನೆಂಟ ನಿಮ್ಮ ಕಾಡಿನಲ್ಲಿ ಈಗಾಗಲೇ ಇದೆ: ಜುಮ್ಮನ ಕಾಯಿ.

ಪ್ರಶ್ನೆ: ಗೋಬಿ ಮಂಚೂರಿಗೆ ಹಾಕುವ ಟೇಸ್ಟಿಂಗ್ ಪೌಡರ್ ಜಪಾನಿನ ವಿಷವಂತೆ, ನಿಜವೇ? — ಭದ್ರಾವತಿ

ಉತ್ತರ: ಜಪಾನಿನದ್ದು ಹೌದು, ವಿಷವಲ್ಲ. ಟೋಕಿಯೊ ವಿಶ್ವವಿದ್ಯಾಲಯದ ಕಿಕುನಾಯೆ ಇಕೆದಾ 1908ರಲ್ಲಿ ಕೊಂಬು ಪಾಚಿಯ ರಸದ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡು, ಆ ರುಚಿಯನ್ನು ಉಮಾಮಿ ಎಂದು ಕರೆದರು. ಮರುವರ್ಷವೇ ಅಜಿನೊಮೊಟೊ ಹೆಸರಿನಲ್ಲಿ ಅದರ ಹರಳು, ಅಂದರೆ ನಿಮ್ಮ ಟೇಸ್ಟಿಂಗ್ ಪೌಡರ್, ಮಾರಾಟಕ್ಕೆ ಬಂತು. ಅದೇ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲಿದೆ, ಅಣಬೆಯಲ್ಲಿದೆ, ತಾಯಿಯ ಹಾಲಿನಲ್ಲಿಯೂ ಇದೆ. ನನ್ನ ತಕರಾರು ಬೇರೆ: ರುಚಿಯಿಲ್ಲದ ಅಡುಗೆಯನ್ನು ಮುಚ್ಚಿಡಲು ಅದು ಅತಿ ಸುಲಭದ ಹೊದಿಕೆ. ಗೋಬಿಯ ವಿಷಯದಲ್ಲಿ ಹೆದರಬೇಕಾದದ್ದು ಬಣ್ಣಕ್ಕೆ. ಕೃತಕ ಬಣ್ಣವನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿತು.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ. ಜಪಾನೀಯರು ಸುಶಿ ತಿಂದೇ ನೂರು ವರ್ಷ ಬದುಕುತ್ತಾರೆ, ಅನ್ನದ ಬದಲು ಅದನ್ನೇ ತಿನ್ನಿ ಎಂದು ಗೆಳೆಯರು ಹೇಳುತ್ತಾರೆ. — ಶಿವಮೊಗ್ಗ

ಉತ್ತರ: ಅನ್ನದ ಬದಲು ಸುಶಿ ಎಂದರೆ ಅನ್ನದ ಬದಲು ಸಕ್ಕರೆ ಹಾಕಿದ ಅನ್ನ, ಮೇಲಿನ ಉತ್ತರದಲ್ಲಿ ಕೊಟ್ಟ ಅಳತೆಯನ್ನು ಇನ್ನೊಮ್ಮೆ ನೋಡಿ. ಅದರ ಮೇಲೆ ಸೋಯಾ ಸಾಸಿನ ಉಪ್ಪು: ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಮಿತಿ 2000 ಮಿಲಿಗ್ರಾಂ. ನಮ್ಮಲ್ಲಿ ಸಿಗುವ ಸುರುಳಿಗಳಲ್ಲಿ ಮೆಯೊನೀಸ್, ಚೀಸ್, ಕರಿದ ಪುಡಿಗಳೂ ಸೇರಿರುತ್ತವೆ. ದೀರ್ಘಾಯುಷ್ಯಕ್ಕೆ ಹೆಸರಾದ ಒಕಿನಾವಾದ ಹಿರಿಯರು ತಮ್ಮ ಯೌವನದಲ್ಲಿ ಮುಖ್ಯವಾಗಿ ತಿಂದದ್ದು ಸಿಹಿಗೆಣಸನ್ನು. ನಾಗಾನೊ ಪ್ರಾಂತ್ಯದಲ್ಲಿ ಪಾರ್ಶ್ವವಾಯು ಹೆಚ್ಚಾಗಿದ್ದಾಗ ಮಿಸೊ ಸಾರು, ಉಪ್ಪಿನಕಾಯಿಗಳ ಉಪ್ಪನ್ನು ಕಡಿಮೆ ಮಾಡಿಸಲು ಊರೂರು ತಿರುಗಿ ತಿಳಿಹೇಳಬೇಕಾಯಿತು. ನಿಮ್ಮ ವೈದ್ಯರು ಅನ್ನಕ್ಕೆ ಹೇಳಿರುವ ಮಿತಿಯನ್ನೇ ಸುಶಿಗೂ ಇಟ್ಟುಕೊಳ್ಳಿ.

ಪ್ರಶ್ನೆ: ಜಪಾನೀಯರು ದಿನವೂ ಸುಶಿ ತಿನ್ನುತ್ತಾರೆಯೇ? ಅವರ ಅಡುಗೆಯಲ್ಲಿ ನಮಗೆ ಪರಿಚಿತವಾದದ್ದು ಏನೂ ಇಲ್ಲವೇ? — ಸೊರಬ

ಉತ್ತರ: ನಾವು ದಿನವೂ ಹೋಳಿಗೆ ತಿನ್ನುವಷ್ಟೇ ಅವರು ದಿನವೂ ಸುಶಿ ತಿನ್ನುತ್ತಾರೆ. ಮನೆಯಲ್ಲಿ ಅನ್ನ, ಸಾರು, ಉಪ್ಪಿನಕಾಯಿ, ಒಂದೆರಡು ಪಲ್ಯ. ಅನ್ನವೂ ಈಗ ಕಡಿಮೆಯಾಗಿದೆ. 1962ರಲ್ಲಿ ಒಬ್ಬರು ವರ್ಷಕ್ಕೆ 118 ಕಿಲೊ ಅಕ್ಕಿ ಉಣ್ಣುತ್ತಿದ್ದರೆ ಇತ್ತೀಚೆಗೆ ಅದು ಸುಮಾರು 50 ಕಿಲೊಗೆ ಇಳಿದಿದೆ, ಬ್ರೆಡ್ಡು ನೂಡಲ್ಸುಗಳು ಆ ಜಾಗ ಹಿಡಿದಿವೆ.

ಪರಿಚಿತವಾದದ್ದು ಬೇಕಾದಷ್ಟಿದೆ. ತೆಂಪುರ ಎಂಬುದು ಒಂದು ಬಗೆಯ ಬಜ್ಜಿ, ಅದನ್ನು ಕಲಿಸಿದವರು 1543ರ ನಂತರ ಅಲ್ಲಿಗೆ ಹೋದ ಪೋರ್ಚುಗೀಸರು. ಗೋವೆಯ ಮೂಲಕ ನಮಗೆ ಮೆಣಸಿನಕಾಯಿಯನ್ನೂ ಗೇರುಹಣ್ಣನ್ನೂ ತಂದವರೂ ಅವರೇ. ಉಪ್ಪು ಹಾಕಿ ಬಿಸಿಲಿಗಿಟ್ಟ ಉಮೆಬೊಶಿ ಎಂಬ ಹುಳಿಕಾಯಿ ನಮ್ಮ ಉಪ್ಪಿನ ಮಿಡಿಯ ಸೋದರ. ಕಳಲೆಯ ಕಹಿ ತೆಗೆಯಲು ನಾವು ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿದರೆ, ಅವರು ಅಕ್ಕಿ ತೌಡು ಹಾಕಿ ಕುದಿಸುತ್ತಾರೆ. ಜಪಾನಿನ ಮಕ್ಕಳಿಗೆ ಪ್ರಿಯವಾದ ಕರಿ ರೈಸ್ ಮಾತ್ರ ನೇರವಾಗಿ ನಮ್ಮಿಂದ ಹೋದದ್ದಲ್ಲ, ಬ್ರಿಟಿಷರ ಕೈ ದಾಟಿ ಹೋದದ್ದು, ಆದ್ದರಿಂದಲೇ ಅಷ್ಟು ಮಂದ ಮತ್ತು ಸಿಹಿ. ಅದಕ್ಕೆ ಭಾರತದ ರುಚಿ ತೋರಿಸಲು ಒಬ್ಬ ಕ್ರಾಂತಿಕಾರಿಯೇ ಬೇಕಾಯಿತು. ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನಿಗೆ ಹೋದ ರಾಸ್ ಬಿಹಾರಿ ಬೋಸ್ ಅವರಿಗೆ ಟೋಕಿಯೊದ ಶಿಂಜುಕುವಿನ ನಕಾಮುರಾಯ ಎಂಬ ಬೇಕರಿಯವರು ಆಶ್ರಯ ಕೊಟ್ಟರು, ಮುಂದೆ ಆ ಮನೆಯ ಮಗಳನ್ನೇ ಅವರು ಮದುವೆಯಾದರು. 1927ರಲ್ಲಿ ಆ ಅಂಗಡಿ ಊಟದ ಮನೆ ತೆರೆದಾಗ ಬಂದ ಭಾರತೀಯ ಕರಿ ಈಗಲೂ ಅಲ್ಲಿ ಸಿಗುತ್ತದೆ.

ಪ್ರಶ್ನೆ: ಕಡ್ಡಿಯಲ್ಲಿ ತಿನ್ನಲು ಬರುವುದಿಲ್ಲ. ಕೈಯಲ್ಲಿ ತಿಂದರೆ ನಗುತ್ತಾರೆಯೇ? — ಶೃಂಗೇರಿ

ಉತ್ತರ: ಖಂಡಿತ ಇಲ್ಲ. ನಿಗಿರಿ ಸುಶಿಯನ್ನು ಅಲ್ಲಿನವರೂ ಕೈಯಿಂದಲೇ ಎತ್ತಿ ತಿನ್ನುತ್ತಾರೆ, ಬೀದಿಯಲ್ಲಿ ನಿಂತು ತಿನ್ನುತ್ತಿದ್ದ ಕಾಲದಿಂದ ಬಂದ ರೂಢಿ ಅದು. ಪಕ್ಕದಲ್ಲಿಟ್ಟ ಶುಂಠಿಯನ್ನು ಅದರ ಮೇಲೆ ಹೊದಿಸಬೇಡಿ. ಒಂದು ಬಗೆ ಮುಗಿದು ಇನ್ನೊಂದಕ್ಕೆ ಹೋಗುವ ಮುನ್ನ ಬಾಯಿ ಶುಚಿ ಮಾಡಿಕೊಳ್ಳಲು ಅದು ಇರುವುದು. ಕಡ್ಡಿ ಹಿಡಿಯಲೇಬೇಕಾದ ಊಟದಲ್ಲಿ ಅವನ್ನು ಅನ್ನದ ಬಟ್ಟಲಿನಲ್ಲಿ ನೆಟ್ಟಗೆ ಚುಚ್ಚಿಡಬಾರದು, ಸತ್ತವರ ಮುಂದೆ ಇಡುವ ಅನ್ನಕ್ಕೆ ಮಾತ್ರ ಹಾಗೆ ಮಾಡುತ್ತಾರೆ. ಸೋಯಾ ಸಾಸಿಗೆ ಅದ್ದುವಾಗ ತುಣುಕನ್ನು ಮಗುಚಿ ಮೇಲಿನ ಹೋಳಿನ ಕಡೆಯನ್ನು ಮಾತ್ರ ಮುಟ್ಟಿಸಿ. ಅನ್ನದ ಕಡೆಯನ್ನು ಅದ್ದಿದರೆ ಅದು ಸಾಸನ್ನು ಹೀರಿ, ಕೈಯಿಂದ ಬಾಯಿಗೆ ಬರುವಷ್ಟರಲ್ಲಿ ಕಳಚಿ ಬಟ್ಟಲಿಗೇ ಬೀಳುತ್ತದೆ.